ಹಾರ ಹಾಕಿದ ಕಂಪ್ಯೂಟರು

ಅಜ್ಜಂಪುರದ ನಮ್ಮ ಸ್ಟುಡಿಯೊದಲ್ಲಿ ಕ್ಯಾಮೆರಾ ಹಿಡಿಯುವವರು ನಮ್ಮೆಜಮಾನರು. ಅವರು ತಂದದ್ದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಹಾಡು ಕೂಡಿಸಿ, ಮದುವೆ ವಿಡಿಯೊ ಮಾಡುತ್ತಿದ್ದವಳು ನಾನು. ಯಾರೂ ಕಲಿಸಲಿಲ್ಲ, ನಾನಾಗಿ ಕಲಿತೆ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಕೆಲಸ.

ವಿಡಿಯೊ ಬೇಗ ತಯಾರಾಗಲಿ ಅಂತ ಇವರು ಇಂಟರ್ನೆಟ್ಟಿನಲ್ಲಿ ಯಾರದೋ ಮಾತು ಕೇಳಿ ಪ್ರೊಸೆಸರಿನ ವೇಗ, ವೋಲ್ಟೇಜು ಎರಡನ್ನೂ ಏರಿಸಿಬಿಟ್ಟರು. ಓವರ್‌ಕ್ಲಾಕಿಂಗ್ ಅಂತೆ. ಮೊದಲು ಪ್ರೊಸೆಸರನ್ನು ತಣ್ಣಗಿಡೋ ದೊಡ್ಡ ಕೂಲರ್ ಹಾಕಿಸಿ ಅಂತ ಅವನೇ ಹೇಳಿದ್ದು ಮಾತ್ರ ಇವರ ಕಿವಿಗೆ ಬೀಳಲಿಲ್ಲ. ಪ್ರೊಸೆಸರಿನ ಬಿಸಿ ಎಂಬತ್ತು ಡಿಗ್ರಿಯೊಳಗಿದ್ದರೆ ಭಯವಿಲ್ಲ, ತೊಂಬತ್ತೈದಕ್ಕೆ ಹೋದರೆ ಅಪಾಯ ಅಂತ ನಾನು ಓದಿಕೊಂಡಿದ್ದೆ. ಕೆಲಸ ಮಾಡುವಾಗ ಪರದೆಯ ಮೂಲೆಯಲ್ಲಿ ಎಂಬತ್ತೆಂಟು ಕಾಣುತ್ತಿತ್ತು. ವೇಗ ಇಳಿಸಿ ಅಂದರೆ, ಹಾಲು ಕಾಯಿಸೋಳಿಗೆ ಡಿಗ್ರಿ ಲೆಕ್ಕ ಯಾಕೆ ಅಂತ ನಕ್ಕರು. ಮೈಯೆಲ್ಲ ಉರಿದುಹೋಯಿತು.

ಆಯುಧಪೂಜೆಗೆ ಅತ್ತೆ ಕಂಪ್ಯೂಟರಿನ ಕ್ಯಾಬಿನೆಟ್ಟಿಗೆ ವಿಭೂತಿ ಬಳಿದು, ಗಾಳಿ ಒಳಹೋಗುವ ಮುಂಭಾಗವೇ ಮುಚ್ಚುವಂತೆ ಸೇವಂತಿಗೆ ಹಾರ ಕಟ್ಟಿದರು. ಬಸ್ಸಿಗಾಗಲಿ, ಪಂಪ್‌ಸೆಟ್ಟಿಗಾಗಲಿ, ಪೂಜೆಯ ಹಾರವನ್ನು ನಮ್ಮ ಕಡೆ ಕೀಳುವಂತಿಲ್ಲ. ತಾನೇ ಬಾಡಿ ಉದುರಬೇಕು. ಹಬ್ಬ ಮುಗಿದ ಬೆಳಿಗ್ಗೆಯೇ ತರೀಕೆರೆಯ ಮದುವೆ ಮನೆಯವರು ವಿಡಿಯೊಗೆ ಅವಸರ ಮಾಡಿದರು. ಹಾರ ತೆಗೆದು ಶುರು ಮಾಡುತ್ತೇನೆ ಅಂದೆ. ಅತ್ತೆ ಮುಖ ಸಿಂಡರಿಸಿದರು. ಇವರು ಹಾರದ ಸಮೇತ ಆನ್ ಮಾಡಿ, ಕೆಲಸ ಹಚ್ಚಿ, ಮುಟ್ಟಬೇಡ ಅಂತ ಗದರಿಸಿ ಟೀ ಕುಡಿಯಲು ಹೋದರು. ತೊಂಬತ್ತಾಯಿತು, ತೊಂಬತ್ತಾರಾಯಿತು. ಏನಾದರಾಗಲಿ ಅಂತ ಹಾರಕ್ಕೆ ಕೈ ಹಾಕುವಷ್ಟರಲ್ಲಿ ಪರದೆ ಕಪ್ಪಾಯಿತು. ಮತ್ತೆ ಆನ್ ಆಗಲೇ ಇಲ್ಲ.

ಕಡೂರಿನ ರಿಪೇರಿ ಅಂಗಡಿಯಲ್ಲಿ ಬಿಚ್ಚಿದರೆ ಫ್ಯಾನಿನ ತುಂಬ ಹೂವಿನ ಎಸಳು. ಬೋರ್ಡು, ಪ್ರೊಸೆಸರು ಎರಡೂ ಹೋಗಿದ್ದವು. ಇಷ್ಟು ಸುಡಬೇಕಾದರೆ ಸ್ಪೀಡ್ ಏರಿಸಿರಬೇಕು, ಯಾರು ಏರಿಸಿದ್ದು ಅಂತ ಅಂಗಡಿಯವನು ಕೇಳಿದ. ನಾನು ಪಕ್ಕದಲ್ಲೇ ನಿಂತಿದ್ದೆ.

“ಇವ್ಳೇ ಕಣ್ರೀ. ಏನೇನೋ ಒತ್ತಿ ಹಾಳ್ ಮಾಡ್ಬಿಟ್ಲು,” ಅಂದರು ನಮ್ಮೆಜಮಾನರು.

ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ನಮ್ಮನೆಯಲ್ಲಿ ಮಾಡಿದ್ದು ಮಹಾರಾಯ, ಉಂಡದ್ದು ನಾನು. ವಾಪಸು ಬರುವಾಗ ಬಸ್ಸಿನಲ್ಲಿ, ಯಾಕೆ ಹಾಗಂದಿರಿ ಅಂತ ಕೇಳಿದೆ. ಅಂಗಡಿ ತುಂಬ ಜನ ಇದ್ದರು, ನನ್ನ ಮರ್ಯಾದೆ ಏನಾಗಬೇಕಿತ್ತು ಅಂದು ಕಿಟಕಿ ಕಡೆ ತಿರುಗಿದರು. ನನ್ನ ಮರ್ಯಾದೆಯ ಮಾತು ಯಾರೂ ಎತ್ತಲಿಲ್ಲ.

ಹೊಸ ಕಂಪ್ಯೂಟರು ಬಂತು. ಸುಟ್ಟವಳ ಕೈಗೆ ಮತ್ತೆ ಕೊಡುವುದುಂಟೇ ಅಂತ ಅತ್ತೆ ತೀರ್ಮಾನ ಮಾಡಿದರು. ಈಗ ಅದರ ಮುಂದೆ ಮೈದುನ ಕೂರುತ್ತಾನೆ. ಮೊನ್ನೆ ಅಡುಗೆಮನೆ ಬಾಗಿಲಿಗೆ ಬಂದು, ಎಷ್ಟು ಡಿಗ್ರಿ ದಾಟಬಾರದು ಅತ್ತಿಗೆ ಅಂತ ಮೆಲ್ಲಗೆ ಕೇಳಿದ. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡೇ ಹೇಳಿಕೊಟ್ಟೆ.