ಕ್ರೀಟ್ ಬೆಟ್ಟದಲ್ಲಿ ನಮ್ಮವರು

ಇವತ್ತು ಬೆಳಿಗ್ಗೆ ತಂಬುಳಿ ಮಾಡೋಣವೆಂದು ಹಿತ್ತಲಿಗೆ ಹೋಗಿ ಕುಂಡದಲ್ಲಿದ್ದ ದೊಡ್ಡಪತ್ರೆಯ ನಾಲ್ಕು ಎಲೆ ಕಿತ್ತೆ. ಕಿತ್ತ ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸುವುದು ನನ್ನ ಹಳೆಯ ಚಾಳಿ, ನಿಮಗೂ ಇರಬಹುದು. ಆ ವಾಸನೆಗೆ ನಿಮಗೆ ಅಜ್ಜಿಯ ಕೈಯೋ ಮಗುವಿನ ಕೆಮ್ಮೋ ನೆನಪಾದೀತು. ನನಗೆ ನೆನಪಾಗುವುದು ಗ್ರೀಸ್ ದೇಶದ ಕ್ರೀಟ್ ದ್ವೀಪದ ಒಂದು ಬೋಳು ಬೆಟ್ಟ. ಅಲ್ಲಿ ಕಾಲಿಟ್ಟಲ್ಲೆಲ್ಲ ಓರೆಗಾನೋ ಗಿಡ. ಬೂಟಿನಡಿ ಸಿಕ್ಕಿ ನಲುಗಿದರೆ ಥೇಟ್ ದೊಡ್ಡಪತ್ರೆಯದೇ ಘಮ. ಆ ಬೆಟ್ಟದಲ್ಲಿ, ಎಂಬತ್ತರ ದಶಕದ ಒಂದು ಏಪ್ರಿಲ್‌ನಲ್ಲಿ, ನಮ್ಮವರು ಒಂದು ಕೆಲಸ ಮಾಡಿದರು. ಅದನ್ನು ಹೇಳಬೇಕಾದರೆ, ಅದಕ್ಕೆ ಮೊದಲು ನಾನು ಹೇಳಿಕೊಂಡು ಬಂದಿದ್ದ ಒಂದು ಸುಳ್ಳನ್ನೂ ಹೇಳಬೇಕಾಗುತ್ತದೆ.

ನಾವು ಬ್ರಿಸ್ಬೇನಿಗೆ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ, ನನ್ನ ಕೆಲಸಕ್ಕಾಗಿ. ನಾನು ಅರಿವಳಿಕೆ ಕೊಡುವ ಡಾಕ್ಟರು. ಕತ್ತರಿಸಿ ಹೊಲಿದವರ ಹೆಸರು ರೋಗಿಗೆ ನೆನಪಿರುತ್ತದೆ, ಮಲಗಿಸಿ ಎಬ್ಬಿಸಿದವಳ ಮುಖ ನೆನಪಿರುವುದಿಲ್ಲ. ನಮ್ಮವರು, ಕರುಣಾಕರ, ಮೈಸೂರಿನಲ್ಲಿ ಪುರಾತತ್ವದವರಿಗೆ ನಕ್ಷೆ ಬರೆದುಕೊಡುತ್ತಿದ್ದರು. ತಲಕಾಡಿನ ಮರಳಲ್ಲಿ ಗೋಡೆಯ ಒಂದು ಮೂಲೆ ಕಂಡರೆ ಸಾಕು, ಉಳಿದದ್ದು ಎಲ್ಲಿ ಹೂತಿದೆ ಎಂದು ಗೆರೆ ಎಳೆದು ತೋರಿಸುತ್ತಿದ್ದರು. ಆ ಕೆಲಸ ಬಿಟ್ಟು ನನ್ನ ಹಿಂದೆ ಬಂದರು. ಇಲ್ಲಿ ಅವರ ಅರ್ಜಿ ನೋಡಿದವರೆಲ್ಲ 'ಇಲ್ಲಿಯ ಅನುಭವ ಇಲ್ಲವಲ್ಲ' ಎಂದು ಬಹಳ ನಯವಾಗಿ ಹೇಳಿ ಕಳಿಸಿದರು. ಎರಡು ವರ್ಷ ಅವರು ಮಗಳು ಆಶಾಳಿಗೆ ಜಡೆ ಹೆಣೆದರು, ಸಾರು ಮಾಡಿದರು, ನನ್ನ ಬಿಳಿ ಕೋಟುಗಳಿಗೆ ಇಸ್ತ್ರಿ ಹಾಕಿದರು. ಮೂರನೆಯ ವರ್ಷ, ಇಂಡೂರೂಪಿಲ್ಲಿಯ ನಮ್ಮ ಬಾಡಿಗೆ ಮನೆಯ ಹತ್ತಿರದ ಫಿಶ್ ಅಂಡ್ ಚಿಪ್ಸ್ ಅಂಗಡಿಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುವ ಕೆಲಸಕ್ಕೆ ಸೇರಿದರು.

ಆಗ ಊರಿನಲ್ಲಿ ನಮ್ಮ ಕಡೆಯವರೆಂದರೆ ನಾಲ್ಕೈದು ಡಾಕ್ಟರ ಕುಟುಂಬಗಳು. ತಿಂಗಳಿಗೊಮ್ಮೆ ಯಾರದಾದರೂ ಹಿತ್ತಲಲ್ಲಿ ಸೇರುತ್ತಿದ್ದೆವು. ಅಲ್ಲಿ ಹಿರಿಯರಾದ ಸರೋಜಾ ಆಂಟಿ ಒಮ್ಮೆ ಎಲ್ಲರೆದುರು ಕೇಳಿದರು: "ನಿಮ್ಮವರು ಏನ್ ಮಾಡ್ಕೊಂಡಿದಾರಮ್ಮಾ?"

"ಯೂನಿವರ್ಸಿಟಿಲಿ ರಿಸರ್ಚ್ ಮಾಡ್ತಿದಾರೆ ಆಂಟಿ," ಎಂದೆ. ಬಾಯಿಂದ ಅಷ್ಟು ಸಲೀಸಾಗಿ ಬಂತು.

ನಮ್ಮವರು ಪಕ್ಕದಲ್ಲೇ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಮನೆಗೆ ಬರುವಾಗ ಕಾರಿನಲ್ಲಿ, "ರಿಸರ್ಚ್ ಅಂದ್ಯಲ್ಲ, ಆಲೂಗಡ್ಡೆ ಮೇಲೆ ತಾನೆ?" ಎಂದರು. ಇಬ್ಬರೂ ನಕ್ಕೆವು. ನಕ್ಕರೂ ನಾನು ಸುಳ್ಳನ್ನು ತಿದ್ದಲಿಲ್ಲ. ವರ್ಷಗಟ್ಟಲೆ ಅದೇ ಉತ್ತರ ಕೊಟ್ಟೆ.

ಅಂಗಡಿಯ ಯಜಮಾನ ಸ್ಟಾವ್ರೋಸ್ ಕ್ರೀಟ್‌ನವನು. ಮೀನು ಕರಿಯುತ್ತ ತನ್ನ ಹಳ್ಳಿಯ ಸುದ್ದಿ ಹೇಳುವುದು ಅವನ ಅಭ್ಯಾಸ. ಸಿಪ್ಪೆ ತೆಗೆಯುತ್ತ ಕೇಳುವುದು ಇವರದ್ದು. ವರ್ಷ ಕಳೆಯುವುದರೊಳಗೆ ಇವರು ಗ್ರೀಕ್ ಮಾತಾಡತೊಡಗಿದರು. ಹಳ್ಳಿಯ ಮೇಲಿನ ಬೆಟ್ಟದಲ್ಲಿ ಒಂದು ಪಾಳು ಊರು ಇದೆಯೆಂದು ಸ್ಟಾವ್ರೋಸ್ ಹೇಳಿದಾಗ, ಅಂಗಳ ಎಷ್ಟು ಹೆಜ್ಜೆ, ಮೆಟ್ಟಿಲು ಯಾವ ಕಡೆಗೆ ಎಂದು ಕೇಳಿ ಕೇಳಿ, ಚಿಪ್ಸ್ ಕಟ್ಟುವ ಕಾಗದದ ಮೇಲೆ ನಕ್ಷೆ ಬರೆದರು. ನೋಡಿದ ಸ್ಟಾವ್ರೋಸ್ ಒಲೆ ಆರಿಸಿ ಕೂತುಬಿಟ್ಟನಂತೆ. ಅಲ್ಲಿಂದ ಮುಂದೆ ಇವರು ಮಧ್ಯಾಹ್ನಗಳನ್ನು ಯೂನಿವರ್ಸಿಟಿಯ ಲೈಬ್ರರಿಯಲ್ಲಿ ಕಳೆಯತೊಡಗಿದರು. ಹಾಗಾಗಿ ನನ್ನ ಸುಳ್ಳು ನನಗೆ ಗೊತ್ತಿಲ್ಲದೆಯೇ ಅರ್ಧ ನಿಜವಾಗುತ್ತ ಬಂದಿತ್ತು.

ನಮ್ಮ ಚರ್ಚಿನ ಹಾಲ್‌ನಲ್ಲಿ ಬುಧವಾರದ ಸಂಜೆ ಇವರ ಪಾಠ ಶುರುವಾಯಿತು: ಪಾಳು ಕಟ್ಟಡವನ್ನು ನೋಡುವುದು ಹೇಗೆ. ಬಂದವರೆಲ್ಲ ನಿವೃತ್ತರು. ಅವರ ಬಾಯಲ್ಲಿ ಕರುಣಾಕರ 'ಕರು' ಆದರು. ನಲವತ್ತು ದಾಟಿದ ಗಂಡಸನ್ನು ಬಿಳಿ ಕೂದಲಿನ ಹೆಂಗಸರು "ಕರು, ಕರು" ಎಂದು ಕರೆಯುವುದನ್ನು ಕೇಳಿ ನನಗೆ ಹುಲ್ಲು ಹಾಕಬೇಕೆನಿಸುತ್ತಿತ್ತು. ಅವರಲ್ಲೇ ಒಬ್ಬರು, "ಇದನ್ನೆಲ್ಲ ನಮಗೆ ಕರೆದುಕೊಂಡು ಹೋಗಿ ತೋರಿಸಬಾರದೇ?" ಎಂದು ಕೇಳಿದರು. ಸ್ಟಾವ್ರೋಸ್ ಊರಿಗೆ ಕಾಗದ ಬರೆದ. ಮರುವರ್ಷದಿಂದ ಪ್ರತಿ ಏಪ್ರಿಲ್‌ನಲ್ಲಿ ಇವರು ಹತ್ತು ಜನರನ್ನು ಕಟ್ಟಿಕೊಂಡು ಕ್ರೀಟ್‌ನ ಹಳ್ಳಿಯಿಂದ ಹಳ್ಳಿಗೆ, ಹೇಸರಗತ್ತೆಯ ದಾರಿಗಳಲ್ಲಿ, ಹತ್ತು ದಿನ ನಡೆಸುತ್ತಿದ್ದರು. ಊಟ ನಿದ್ದೆಯೆಲ್ಲ ಹಳ್ಳಿಯವರ ಮನೆಗಳಲ್ಲಿ.

ಮೊದಲ ಮೂರು ಸಲ ನಾನು ಹೋಗಲಿಲ್ಲ. ರಜೆ ಸಿಗಲಿಲ್ಲ ಎನ್ನುತ್ತಿದ್ದೆ. ನಿಜವೆಂದರೆ ಅದು ಅವರ ಹವ್ಯಾಸ ಎಂದುಕೊಂಡಿದ್ದೆ. ನಾಲ್ಕನೆಯ ಸಲ, ಅದೇ ರಿಸರ್ಚಿನ ಕೆಲಸವೆಂದು ಹೇಳಿ, ಆಶಾಳನ್ನು ಸರೋಜಾ ಆಂಟಿಯ ಮನೆಯಲ್ಲಿ ಬಿಟ್ಟು ಹೊರಟೆ. ಹೊರಡುವ ಮುಂಚೆ ಹೆಸರುಗಳ ಪಟ್ಟಿಯನ್ನು ಎರಡೆರಡು ಸಲ ಓದಿದೆ. ಅದರಲ್ಲಿ ಡಾಕ್ಟರ್ ಮರ್ವಿನ್ ಇದ್ದರು, ಆಸ್ಪತ್ರೆಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು. ಆ ವರ್ಷವೇ ಅಲ್ಲಿ ಒಂದು ಹಿರಿಯ ಹುದ್ದೆ ಖಾಲಿಯಾಗುವುದಿತ್ತು, ನಾನು ಅದರ ಮೇಲೆ ಕಣ್ಣಿಟ್ಟಿದ್ದೆ.

ನಮ್ಮವರು ನಡೆಸುವ ರೀತಿ ನಾನು ಎಣಿಸಿದಂತಿರಲಿಲ್ಲ. 'ಎಷ್ಟು ಭವ್ಯ ನೋಡಿ' ಎಂದು ಒಮ್ಮೆಯೂ ಹೇಳಲಿಲ್ಲ. ಒಂದು ಕುಸಿದ ಮನೆಯ ಮುಂದೆ ನಿಂತು, "ಇವರಿಗೆ ನೀರು ಎಲ್ಲಿಂದ ಬರುತ್ತಿತ್ತು?" ಎಂದು ಕೇಳಿ ಸುಮ್ಮನಾಗುತ್ತಿದ್ದರು. ಜನ ಹುಡುಕುತ್ತಿದ್ದರು. ಹೊಸ್ತಿಲ ಕಲ್ಲಿನ ಕುಳಿಯಲ್ಲಿ ಅವರವರ ಬೆರಳನ್ನೇ ಇಡಿಸಿ, ಬಾಗಿಲು ಒಳಕ್ಕೆ ತೆರೆಯುತ್ತಿತ್ತೋ ಹೊರಕ್ಕೋ ಎಂದು ಅವರಿಂದಲೇ ಹೇಳಿಸುತ್ತಿದ್ದರು. ಹಳ್ಳಿ ಬಂದರೆ ಕಪ್ಪು ಬಟ್ಟೆಯ ಮುದುಕಿಯರು ಮನೆಯಿಂದ ಹೊರಬಂದು ಇವರ ಕೆನ್ನೆ ಹಿಂಡಿ, ಜೇಬಿಗೆ ಒಣದ್ರಾಕ್ಷಿ ತುರುಕುತ್ತಿದ್ದರು. ನಾನು ಎಲ್ಲರಿಗಿಂತ ಹಿಂದೆ, ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಕುಂಟುತ್ತಿದ್ದೆ. ಜೊತೆಯವರು ನನ್ನನ್ನು ಪರಿಚಯಿಸುವಾಗ 'ಡಾಕ್ಟರ್' ಎನ್ನಲಿಲ್ಲ, 'ಕರು ಅವರ ಹೆಂಡತಿ' ಎಂದರು. ಹದಿನಾರು ವರ್ಷದ ಮದುವೆಯಲ್ಲಿ ಅದೇ ಮೊದಲು. ಕೇಳಲು ಹಿತವಾಗಿತ್ತು.

ಆರನೆಯ ದಿನ ಸ್ಟಾವ್ರೋಸನ ಊರಿನ ಮೇಲಿನ ಬೆಟ್ಟ ಹತ್ತಿದೆವು. ಅಲ್ಲಿ ನೆಲದ ತುಂಬ ಮಡಕೆ ಚೂರು. ಎತ್ತಿ ನೋಡಿ, ಇದ್ದಲ್ಲೇ ಇಡಿ, ಎಂದು ನಮ್ಮವರು ಮೊದಲೇ ಹೇಳಿದ್ದರು. ಒಂದು ಹಿಡಿಕೆಯ ತುಂಡನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಹಸಿ ಮಣ್ಣನ್ನು ಮಡಕೆಗೆ ಒತ್ತಿ ಅಂಟಿಸಿದವನ ಹೆಬ್ಬೆಟ್ಟಿನ ಗುರುತು ಅದರಲ್ಲಿ ಹಾಗೆಯೇ ಇತ್ತು. ತೋರಿಸಿ ಕೆಳಗಿಟ್ಟರು. ಇಳಿಯಲು ಹೊರಟಾಗ ಡಾಕ್ಟರ್ ಮರ್ವಿನ್ ಲೇಸು ಕಟ್ಟುವವರಂತೆ ಬಗ್ಗಿ, ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡದ್ದು ಹಿಂದಿದ್ದ ನನಗೆ ಕಂಡಿತು.

ಕೆಳಗೆ ಆಲಿವ್ ಮರದಡಿ ಎಲ್ಲರೂ ಬುತ್ತಿ ಬಿಚ್ಚಿದರು. ನಾನು ನಮ್ಮವರ ಪಕ್ಕ ಹೋಗಿ ಕೂತೆ.

"ರೀ, ನೀವು ನೋಡಿದ್ರಾ?"

"ನೋಡ್ದೆ."

"ಬಿಟ್ಬಿಡ್ರೀ. ಅಂಥಾವು ಸಾವಿರ ಬಿದ್ದಿವೆ ಅಲ್ಲಿ. ಇನ್ನು ಎರಡು ತಿಂಗಳಿಗೆ ನನ್ನ ಇಂಟರ್‌ವ್ಯೂ. ಅವರೇ ಕೂತ್ಕೊಳ್ಳೋದು."

"ಗೊತ್ತು. ಆದ್ರೆ ಈ ಊರವರು ನನ್ನ ನಂಬಿ ದಾರಿ ಬಿಟ್ಟಿದಾರೆ. ಅವರ ಬೆಟ್ಟ ಅದು."

"ನನಗೋಸ್ಕರ ಬಿಡಿ ಅಂತ ಕೇಳ್ತಿದೀನಿ."

ಅವರು ಕೈಯಲ್ಲಿದ್ದ ಬ್ರೆಡ್ಡನ್ನು ಕಾಗದದ ಮೇಲಿಟ್ಟರು. "ನಿನಗೋಸ್ಕರ ಬೇರೆ ಎಲ್ಲಾ ಬಿಟ್ಟಿದೀನಿ," ಎಂದರು. ಚುಚ್ಚುವ ದನಿಯೇ ಅಲ್ಲ ಅದು, ಇದ್ದದ್ದನ್ನು ಹೇಳುವ ದನಿ. "ಇದೊಂದು ಬಿಡಕ್ಕಾಗಲ್ಲ."

ಎದ್ದು ಡಾಕ್ಟರ್ ಮರ್ವಿನ್ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ, ಬೇರೆಯವರಿಗೂ ಕೇಳುವ ಹಾಗೆ, "ಡಾಕ್ಟರ್, ಮೇಲೆ ಒಂದು ಕೆಲಸ ಉಳಿದಿದೆ. ನನ್ನ ಜೊತೆ ಬರುತ್ತೀರಾ?" ಎಂದರು. ಅಷ್ಟೇ. ಮರ್ವಿನ್ ಕ್ಷಣ ಹೊತ್ತು ಅವರ ಮುಖ ನೋಡಿದರು. ಆಮೇಲೆ ಎದ್ದರು.

ಒಂದೂಕಾಲು ಗಂಟೆ ನಾವು ಮರದಡಿ ಕಾದೆವು. ಏನು ಕೆಲಸವೆಂದು ಉಳಿದವರಿಗೆ ಗೊತ್ತಿರಲಿಲ್ಲ. ಯಾರೋ ಕನ್ನಡಕ ಮರೆತಿರಬೇಕು ಎಂದುಕೊಂಡರು. ನಾನು ಮಾತ್ರ ಆ ಬಿಸಿಲಿನಲ್ಲಿ ಎರಡು ಸಣ್ಣ ಆಕೃತಿಗಳು ಮೇಲೆ ಏರುವುದನ್ನು ನೋಡುತ್ತಿದ್ದೆ. ಮುಂದೆ ನಡೆಯುತ್ತಿದ್ದವರು ಆಲೂಗಡ್ಡೆ ಸಿಪ್ಪೆ ತೆಗೆಯುವವರು. ಹಿಂದೆ ಏರುತ್ತಿದ್ದವರು, ಯಾರು ಬಂದರೆ ಇಡೀ ಆಸ್ಪತ್ರೆ ಎದ್ದು ನಿಲ್ಲುತ್ತಿತ್ತೋ ಆ ಮನುಷ್ಯ. ಕೋಪ ಬಂದಿತ್ತು, ಅಳುವೂ ಬಂದಿತ್ತು. ಅದೆಲ್ಲದರ ಅಡಿಯಲ್ಲಿ ಎದೆ ಉಬ್ಬಿ ಬರುತ್ತಿದ್ದುದನ್ನು ನಾನು ಒಪ್ಪಿಕೊಳ್ಳಲು ಸಿದ್ಧಳಿರಲಿಲ್ಲ. ಇಳಿದು ಬಂದ ಮರ್ವಿನ್ ತಮ್ಮ ಚೀಲ ಹೆಗಲಿಗೇರಿಸಿ ಮುಂದೆ ನಡೆದರು. ಉಳಿದ ದಿನಗಳಲ್ಲಿ ಹೆಚ್ಚು ಮಾತಾಡಲಿಲ್ಲ.

ಆ ವರ್ಷ ಹುದ್ದೆ ನನಗೆ ಸಿಗಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ ನಾನರಿಯೆ, ಆಯ್ಕೆಯಾದವರು ಸಮರ್ಥರೇ. ಎರಡು ವರ್ಷದ ಮೇಲೆ ಅಂಥದೇ ಇನ್ನೊಂದು ಸಿಕ್ಕಿತು. ಮರ್ವಿನ್ ನಿವೃತ್ತರಾಗುವ ವಾರ, ಆಪರೇಷನ್ ಥಿಯೇಟರಿನ ಹೊರಗೆ ನನ್ನನ್ನು ನಿಲ್ಲಿಸಿ ತಾವಾಗಿಯೇ ಹೇಳಿದರು: "ಅಷ್ಟು ದೂರ ಹತ್ತಿದೆವಲ್ಲ, ನಿಮ್ಮ ಗಂಡ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಕುಂಬಾರ ಎಡಚನಿರಬೇಕು, ನಿಮ್ಮ ಹಾಗೆ, ಎಂದಷ್ಟೇ ಹೇಳಿದರು. ನಾನು ಎಡಚನೆಂದು ಅವರು ಗಮನಿಸಿದ್ದರು. ಅದನ್ನು ವಾಪಸು ಇಟ್ಟ ಜಾಗ ನನಗೆ ಇವತ್ತಿಗೂ ಗೊತ್ತು."

ಸುಳ್ಳಿನ ಕತೆ ಅದಕ್ಕಿಂತ ಮುಂಚೆಯೇ ಮುಗಿದಿತ್ತು. ಕ್ರೀಟ್‌ನಿಂದ ಬಂದ ತಿಂಗಳು ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ, ನಮ್ಮ ಗುಂಪಿನ ಡಾಕ್ಟರ್ ಇಕ್ಬಾಲ್ ಅವರ ಹಿತ್ತಲಲ್ಲಿ ಬಾರ್ಬಿ, ಅಂದರೆ ಬಾರ್ಬೆಕ್ಯೂ ಊಟ, ಇತ್ತು. ಸರೋಜಾ ಆಂಟಿ, "ರಿಸರ್ಚ್ ಎಲ್ಲಿಗೆ ಬಂತು?" ಎಂದರು.

"ರಿಸರ್ಚ್ ಯಾವತ್ತೂ ಇರ್ಲಿಲ್ಲ ಆಂಟಿ, ನಾನು ಸುಳ್ಳು ಹೇಳಿದ್ದೆ," ಎಂದೆ. "ಅವರು ಸ್ಟಾವ್ರೋಸ್ ಅಂಗಡೀಲಿ ಆಲೂಗಡ್ಡೆ ಸಿಪ್ಪೆ ತೆಗೀತಾರೆ. ಏಪ್ರಿಲ್‌ನಲ್ಲಿ ಜನಗಳನ್ನ ಹಳೇ ಊರುಗಳಿಗೆ ಕರ್ಕೊಂಡ್ಹೋಗ್ತಾರೆ. ಅವರ ಥರ ನಡೆಸೋರು ಇನ್ನೊಬ್ಬರಿಲ್ಲ."

ಆಂಟಿ ತಟ್ಟೆ ಕೆಳಗಿಟ್ಟು, "ಅಲ್ಲಾ, ಮೊದಲೇ ಹೇಳಬಾರದಾಗಿತ್ತೇನೇ? ನನ್ನ ಮಂಡಿ ಚೆನ್ನಾಗಿದ್ದಾಗಲೇ ಹೋಗ್ತಿದ್ನಲ್ಲ," ಎಂದರು. ಮರು ಏಪ್ರಿಲ್‌ನಲ್ಲಿ, ಸೀರೆಯ ಮೇಲೆ ಸ್ವೆಟರ್, ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಹತ್ತು ದಿನವೂ ನಡೆದರು. ಒಂದು ಬೊಬ್ಬೆಯೂ ಏಳಲಿಲ್ಲ.

ಇಷ್ಟು ಬರೆಯುತ್ತ ಬಂದಾಗ ಒಂದು ವಿಷಯ ಹೊಳೆಯಿತು. ನನ್ನ ಹೆಮ್ಮೆಯನ್ನು ಆಂಟಿಗೆ ಹೇಳಿದೆ, ಮರ್ವಿನ್ ಮಾತಿಗೆ ತಲೆದೂಗಿದೆ, ಆಶಾಳ ಮಕ್ಕಳಿಗೆ ಹತ್ತು ಸಲ ಹೇಳಿದೆ. ನಮ್ಮವರಿಗೆ ಮಾತ್ರ ಹೇಳಿಲ್ಲ. ಪೆನ್ನು ಮುಚ್ಚಿ ಹೊರಗೆ ಹೋದೆ. ಎಂಬತ್ತು ದಾಟಿದ ಅವರು ಕ್ಯಾಲಮ್‌ವೇಲ್‌ನ ನಮ್ಮ ಮನೆಯ ಮುಂದಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು.

"ರೀ, ಆವತ್ತು ನೀವು ಮಾಡಿದ್ದೇ ಸರಿ. ಬಿಟ್ಬಿಡಿ ಅಂತ ನಾನು ಹೇಳಬಾರದಾಗಿತ್ತು."

ಯಾವತ್ತು ಎಂದು ಅವರು ಕೇಳಲಿಲ್ಲ. ಪೇಪರ್ ಮಡಿಸಿದರು. "ಹತ್ತುವಾಗ ಕಾಲು ನಡುಗ್ತಿತ್ತು ಕಣೇ," ಎಂದರು. "ನಿನ್ನ ಕೆಲಸಕ್ಕೆ ಏನಾದ್ರೂ ಆದ್ರೆ ಆಶಾನ ಹೇಗೆ ಓದಿಸೋದು ಅಂತ. ಎರಡು ಸಲ ವಾಪಸ್ ಇಳಿದ್ಬಿಡೋಣ ಅನ್ನಿಸ್ತು."

ಈ ಮಾತನ್ನು ಅವರು ನನಗೆ ಹೇಳಿದ್ದು ಇದೇ ಮೊದಲು. ಇಷ್ಟು ವರ್ಷ ನಾನು ಹೆಮ್ಮೆಪಟ್ಟದ್ದು ಹೆದರಿಕೆಯೇ ಇಲ್ಲದ ಒಬ್ಬ ಮನುಷ್ಯನ ಬಗ್ಗೆ. ಅಂಥವರು ಆ ಬೆಟ್ಟದಲ್ಲಿ ಇರಲೇ ಇಲ್ಲ. ಇದ್ದವರು ಇವರು. ನಾನು ಒಳಗಿನಿಂದ ಇನ್ನೊಂದು ಕುರ್ಚಿ ತಂದು ಅವರ ಪಕ್ಕಕ್ಕೆ ಹಾಕಿಕೊಂಡು ಕೂತೆ.