ಅಕ್ಕನ ಎರಡನೆಯ ದಾಕು

ಸಿಡುಬು ಬಾರದಂತೆ ದಾಕು ಹಾಕುವವರ ಸೂಜಿ ಹತ್ತಿರ ಬಂದಾಗ ನಾನು ತೋಳನ್ನು ಹಿಂದಕ್ಕೆ ಎಳೆದುಕೊಂಡೆ. ಗುರುವಾಯನಕೆರೆಯ ಆ ಮನೆಯಂಗಳದಲ್ಲಿ ಕೂಸುಗಳನ್ನು ಸೊಂಟಕ್ಕೇರಿಸಿಕೊಂಡ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಪಕ್ಕದ ಊರಿಗೆ ಸಿಡುಬು ಬಂದಾಗಿತ್ತು. ಭಜನೆ, ಕಸೂತಿ ಬಿಟ್ಟು ನಮ್ಮ ಮಹಿಳಾ ಮಂಡಲ ಹಿಡಿದ ಮೊದಲ ಕೆಲಸ ಅದು: ಜನರ ಹೆದರಿಕೆ ಬಿಡಿಸಲು ಮೊದಲು ನಾವೇ ಚುಚ್ಚಿಸಿಕೊಳ್ಳುವುದು. ಆ ದಿನ ನಾನೇ ಮುಂದಾಗಿ ಒಪ್ಪಿದ್ದೆ.

“ಮಂಡಲದವರಿಗೇ ಹೆದರಿಕೆ ಉಂಟು, ಮತ್ತೆ ನಮಗೆ ಎಂತಕ್ಕೆ ಮಾರಾಯ್ತಿ? ಬಾ, ಹೋಗುವ,” ಎಂದು ಒಬ್ಬಳು ತಿರುಗಿದಳು. ಉಳಿದವರೂ ಹೊರಟರು.

ಮಂಡಲದ ಕೆಲಸಕ್ಕೆ ನನ್ನ ಜೊತೆ ಬಂದಿದ್ದ ಅಕ್ಕ ನನ್ನನ್ನು ಬದಿಗೆ ಸರಿಸಿದಳು. ಹಿಂದಿನ ವಾರ ಮೂಡುಬಿದಿರೆಯಲ್ಲಿ ಹೀಗೆಯೇ ಚುಚ್ಚಿಸಿಕೊಂಡ ಅವಳ ಎಡತೋಳು ಇನ್ನೂ ಬಾತಿತ್ತು. ರವಿಕೆಯ ಬಲತೋಳನ್ನು ಮೇಲೇರಿಸಿ, “ಇವಳು ಸಣ್ಣವಳು. ನನಗೆ ಹಾಕಿ, ಇವರೆಲ್ಲ ನೋಡಲಿ,” ಎಂದಳು. ಹೊರಟವರು ನಿಂತರು. ಆಮೇಲೆ ಒಬ್ಬೊಬ್ಬರಾಗಿ ಮಕ್ಕಳನ್ನು ಮುಂದೆ ತಂದರು. ಎಲ್ಲರದೂ ಆದ ಮೇಲೆ ನಾನೂ ತೋಳು ಚಾಚಿದೆ.

ಮಂಡಲದ ಸಭೆಯಲ್ಲಿ ಮೊದಲು ಚುಚ್ಚಿಸಿಕೊಂಡವಳು ನಾನೆಂದೇ ತಿಳಿದು ಹೊಗಳಿದರು. ಅಕ್ಕ ಸುಮ್ಮನಿದ್ದಳು, ನಾನೂ ಬಾಯಿ ಬಿಡಲಿಲ್ಲ. ಅವಳ ಎರಡೂ ತೋಳುಗಳಲ್ಲಿ ಇಂದಿಗೂ ಗುರುತು ಉಂಟು. ಬಲಗಡೆಯದು ನನ್ನ ಪಾಲಿನದು.