ಯಂತ್ರಕ್ಕೆ ಕಾಣದ ಕಬ್ಬಿಣ

ಶಿರಿಯ ಊರಿನ ನಮ್ಮ ನೆರೆಮನೆಯ ಯಜಮಾನರು ರಜೆ ಮುಗಿಸಿ ಗಲ್ಫಿಗೆ ಹೊರಟಾಗಲೆಲ್ಲ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಕೈಚೀಲದಲ್ಲೇ ಇಡುತ್ತಿದ್ದರು. ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ಎತ್ತಿ ಬಿಸಾಡುವವರು ಒಡೆದುಹಾಕುತ್ತಾರೆಂಬ ಭಯ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಪ್ರತಿ ಸಲವೂ ಅದು ಕಸದ ಬುಟ್ಟಿಗೆ ಹೋಗುತ್ತಿತ್ತು. “ಯಂತ್ರವಂತೆ, ಎಂತ ಮಣ್ಣಾಂಗಟ್ಟಿ!” ಎಂದು ಹೀಗಳೆಯುತ್ತಾ ಅವರು ಎಡ ಮೊಣಕಾಲು ತಟ್ಟಿಕೊಳ್ಳುತ್ತಿದ್ದರು. ಬೈಕಿನಿಂದ ಬಿದ್ದ ಮೇಲೆ ವೈದ್ಯರು ಆ ಕಾಲಿನೊಳಗೆ ಕಬ್ಬಿಣದ ಸರಳು ಕೂರಿಸಿದ್ದರು.

ಒಮ್ಮೆ ಅದೇ ವಿಮಾನಕ್ಕೆ ನಾನೂ ಜೊತೆಗಿದ್ದೆ. ಎಂದಿನಂತೆ ಉಪ್ಪಿನಕಾಯಿ ಸಿಕ್ಕಿಬಿತ್ತು. ಆದರೆ ಲೋಹ ಹುಡುಕುವ ಚೌಕಟ್ಟನ್ನು ಇವರು ದಾಟಿದಾಗ ಅದು ಸುಮ್ಮನೇ ಇತ್ತು. ಇವರೇ ತಿರುಗಿ ಬಂದು ತಪಾಸಣೆಯವನಿಗೆ ಹೇಳಿದರು: “ಕಾಲೊಳಗೆ ಕಬ್ಬಿಣ ಉಂಟು ಮಾರಾಯ್ರೆ, ನಿಮ್ಮ ಯಂತ್ರ ಕೂಗಲೇ ಇಲ್ಲ!”

ಅವನು ಚೌಕಟ್ಟಿನ ಹಸಿರು ದೀಪ ನೋಡಿ, “ಯಂತ್ರ ತೋರಿಸದಿದ್ರೆ ಕಬ್ಬಿಣ ಇಲ್ಲ. ಹೋಗಿ, ಹೋಗಿ” ಎಂದ.

ಇಲ್ಲದ ಆ ಕಬ್ಬಿಣವನ್ನು ಎಳೆದುಕೊಂಡು, ಕುಂಟುತ್ತಾ ಅವರು ವಿಮಾನ ಹತ್ತಿದರು.